ವಶೀಲಿಯೂ ಪರಿಚಯವೂ

ಕೆಲವು ಮಾತುಗಳು ನಾಲಗೆಯ ಮೇಲೆ ಬಂದೊಡನೆ ಧ್ವನಿ ತಾನಾಗಿಯೇ ತಗ್ಗುತ್ತದೆ. ‘ವಶೀಲಿ’ ಅಂಥ ಒಂದು ಮಾತು. ಇಂಥವನಿಗೆ ಕೆಲಸ ಹೇಗೆ ಸಿಕ್ಕಿತು ಎಂದು ಯಾರಾದರೂ ಕೇಳಿದರೆ, ಉತ್ತರ ಹೇಳುವವರು ಒಮ್ಮೆ ಹಿಂದೆ ಮುಂದೆ ನೋಡಿ ‘ವಶೀಲಿ’ ಎಂದು ಪಿಸುಗುಟ್ಟುತ್ತಾರೆ. ಕೇಳಿದವರು ‘ಹೂಂ’ ಎನ್ನುತ್ತಾರೆ. ಅಲ್ಲಿಗೆ ಆ ಮನುಷ್ಯನ ಯೋಗ್ಯತೆಯ ವಿಚಾರಣೆ ಮುಗಿದಂತೆ. ಇನ್ನೊಂದು ಮಾತು ‘ಪರಿಚಯ’. ಇದನ್ನು ನಾವೆಲ್ಲರೂ ಗಟ್ಟಿಯಾಗಿ, ಕೊಂಚ ಹೆಮ್ಮೆಯಿಂದಲೇ ಹೇಳುತ್ತೇವೆ. ಈ ಎರಡರ ನಡುವಣ ಗೆರೆ ಎಲ್ಲಿದೆ ಎಂಬ ಪ್ರಶ್ನೆಯನ್ನು ನಾನು ಬಹು ಕಾಲ ಕೇಳಿಕೊಂಡಿರಲಿಲ್ಲ. ಕೇಳಿಕೊಳ್ಳದೆ ಇದ್ದುದಕ್ಕೆ ಕಾರಣವೂ ಇತ್ತು. ಅದನ್ನು ಮುಂದೆ ಹೇಳುತ್ತೇನೆ. ಕೇಳಿಕೊಳ್ಳುವಂತೆ ಮಾಡಿದವಳು, ಗರುಡಾಚಾರ್‌ಪಾಳ್ಯದ ನಮ್ಮ ಮನೆಯ ಕೆಳ ಅಂತಸ್ತಿನಲ್ಲಿ ಬಾಡಿಗೆಗಿರುವ ಸಂಸಾರದ ಹುಡುಗಿ.

ಗರುಡಾಚಾರ್‌ಪಾಳ್ಯವೆಂದರೆ ಬೆಂಗಳೂರಿನ ಪೂರ್ವಕ್ಕೆ, ಕೃಷ್ಣರಾಜಪುರದಿಂದ ವೈಟ್‌ಫೀಲ್ಡಿಗೆ ಹೋಗುವ ದಾರಿಯಲ್ಲಿ ಸಿಗುವ ಊರು. ಊರು ಎನ್ನುವ ಮಾತು ಈಗ ಬಾಯಿ ಮಾತಿಗೆ ಮಾತ್ರ. ಅದರ ಪಶ್ಚಿಮಕ್ಕೆ ದೂರವಾಣಿನಗರ. 1948ರಲ್ಲಿ ಸ್ಥಾಪನೆಯಾದ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ ಕಾರ್ಖಾನೆಯಿಂದ ಆ ಬಡಾವಣೆಗೆ ಆ ಹೆಸರು. ಪೂರ್ವಕ್ಕೆ ಗಾಜಿನ ಗೋಡೆಗಳ ಕಚೇರಿಗಳು. ಅವುಗಳ ಫಲಕಗಳ ಮೇಲೆ ನ್ಯೂಯಾರ್ಕ್, ಲಂಡನ್ ನಗರಗಳ ಕಂಪೆನಿಗಳ ಹೆಸರು. 2023ರ ಮಾರ್ಚ್ ತಿಂಗಳಿನಿಂದ ನಮ್ಮ ತಲೆಯ ಮೇಲೆಯೇ ಮೆಟ್ರೋ ರೈಲು ಓಡುತ್ತದೆ. ಹುಡುಗಿಯ ತಂದೆ ಮಹದೇವಪುರದ ಒಂದು ಸಣ್ಣ ಕಾರ್ಖಾನೆಯಲ್ಲಿ ಲೇತ್ ಯಂತ್ರದ ಮುಂದೆ ನಿಂತು ಇಪ್ಪತ್ತೈದು ವರ್ಷ ಸವೆಸಿದವರು. ಗಾಜಿನ ಕಟ್ಟಡಗಳನ್ನು ದಿನವೂ ಎರಡು ಬಾರಿ ಹಾದು ಹೋದರೂ ಒಂದರ ಒಳಗೂ ಅವರು ಕಾಲಿಟ್ಟಿರಲಿಲ್ಲ. ಮಗಳು ನಗರದ ಒಂದು ವಿದ್ಯಾಸಂಸ್ಥೆಯಲ್ಲಿ ಬ್ಯಾಂಕಿನ ಸಾಲ ಪಡೆದು ಎಂ.ಬಿ.ಎ. ಓದುತ್ತಿದ್ದಳು.

2023ರ ಮಳೆಗಾಲದ ಒಂದು ಸಂಜೆ ಅವಳು ಮಹಡಿ ಹತ್ತಿ ಬಂದು, “ತಾತ, ಒಂದು ಕಾಗದ ಬರ್ದಿದ್ದೀನಿ, ಧಾಟಿ ಸರಿಯಾಗಿದೆಯಾ ನೋಡ್ತೀರಾ?” ಎಂದಳು. ಕಾಗದವೆಂದರೆ ಕಾಗದವಲ್ಲ, ಗಣಕದ ತೆರೆಯ ಮೇಲಿನ ಹತ್ತು ಸಾಲು. ಲಂಡನ್ನಿನ ಒಂದು ಸಲಹಾ ಸಂಸ್ಥೆಯಲ್ಲಿ ಕೆಲಸ ಮಾಡುವ, ಅವಳು ಕಂಡು ಕೇಳಿಲ್ಲದ ಒಬ್ಬಾಕೆಗೆ ಬರೆದದ್ದು. ‘ನಿಮ್ಮ ಕಚೇರಿಯ ಕೆಲಸದ ಬಗೆಯನ್ನು ತಿಳಿಯಬೇಕೆಂದಿದ್ದೇನೆ, ಇಪ್ಪತ್ತು ನಿಮಿಷ ಮಾತನಾಡಲು ಬಿಡುವು ಮಾಡಿಕೊಳ್ಳಬಲ್ಲಿರಾ’ ಎಂಬುದು ಅದರ ಸಾರ. ಓದುತ್ತಿದ್ದಂತೆ ನನ್ನ ಮುಖ ಗಂಟಿಕ್ಕಿರಬೇಕು. “ಇದು ವಶೀಲಿ ಹುಡುಕೋದಲ್ಲವೇ ಮಗು? ಮಾರ್ಕ್ಸು ಇದೆ, ಅರ್ಜಿ ಹಾಕು, ಸಿಕ್ಕರೆ ಸಿಗುತ್ತದೆ” ಎಂದೆ. ಅವಳು ಕೊಂಚವೂ ಅಳುಕದೆ, “ಇಲ್ಲ ತಾತ. ನಾನು ಕೆಲಸ ಕೇಳ್ತಾ ಇಲ್ಲ. ದಾರಿ ಕೇಳ್ತಾ ಇದ್ದೀನಿ” ಎಂದಳು.

ಅವಳು ಹೋದ ಮೇಲೆ ನಿಘಂಟು ತೆಗೆದು ನೋಡಿದೆ. ‘ವಶೀಲಿ’ ಅರಬ್ಬೀ ಮೂಲದ ಮಾತು. ಮೂಲದಲ್ಲಿ ಅದಕ್ಕೆ ಸಾಧನ, ಆಸರೆ, ದಾರಿ ಎಂದೇ ಅರ್ಥ. ಒಳ್ಳೆಯ ಮನೆಯಲ್ಲಿ ಹುಟ್ಟಿದ ಈ ಮಾತು ನಮ್ಮ ಕಚೇರಿಗಳ ಸಹವಾಸದಲ್ಲಿ ಕೆಟ್ಟಿತೆಂದು ಕಾಣುತ್ತದೆ.

ಈ ಸಲಹಾ ಸಂಸ್ಥೆಗಳು ಮಾಡುವ ಕೆಲಸವೇನೆಂಬುದು ನನಗೆ ಅರ್ಥವಾಗಲು ಕೆಲವು ದಿನ ಹಿಡಿಯಿತು. ನಮ್ಮ ಕೋಲಾರದ ಕಡೆ ಬಾವಿ ತೋಡಿಸುವವರು ಮೊದಲು ನೀರು ತೋರಿಸುವವನನ್ನು ಕರೆಸುತ್ತಾರೆ. ಅವನು ಅಂಗೈಯ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ಹೊಲದಲ್ಲೆಲ್ಲ ತಿರುಗಿ, ಒಂದೆಡೆ ನಿಂತು, ‘ಇಲ್ಲಿ ತೋಡಿ’ ಎನ್ನುತ್ತಾನೆ. ನೀರು ಬಂದರೆ ಅವನ ಕೀರ್ತಿ, ಬಾರದಿದ್ದರೆ ನಿಮ್ಮ ಗ್ರಹಚಾರ. ದೊಡ್ಡ ದೊಡ್ಡ ಕಂಪೆನಿಗಳಿಗೆ ಹೀಗೆ ನೀರು ತೋರಿಸುವವರೇ ಸಲಹೆಗಾರರು. ಕಾಯಿಯ ಬದಲಿಗೆ ಲೆಕ್ಕಾಚಾರವಿರುತ್ತದೆ ಎಂಬುದಷ್ಟೇ ವ್ಯತ್ಯಾಸವೆಂದು ನಾನು ಹಾಸ್ಯ ಮಾಡಿದಾಗ ಅವಳು ನಕ್ಕಳು, ಅಲ್ಲಗಳೆಯಲಿಲ್ಲ. ಅಮೆರಿಕದಲ್ಲಿ ಈ ವೃತ್ತಿ ಹಳೆಯದು. ಆರ್ಥರ್ ಡಿ. ಲಿಟಲ್ ಸಂಸ್ಥೆ 1886ರದು, ಮೆಕಿನ್ಸಿ 1926ರದು, ಬಾಸ್ಟನ್ ಕನ್ಸಲ್ಟಿಂಗ್ ಗ್ರೂಪ್ 1963ರದು.

ನಮಗೂ ಇದು ಹೊಸದಲ್ಲ. 1906ರಲ್ಲಿ ಏಡನ್ ಬಂದರಿಗೆ ಹೋಗಿ ಅಲ್ಲಿನ ನೀರಿನ ವ್ಯವಸ್ಥೆಗೆ ದಾರಿ ಸೂಚಿಸಿ ಬಂದವರು ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು. 1908ರ ಸೆಪ್ಟೆಂಬರಿನಲ್ಲಿ ಮೂಸಿ ನದಿಯ ಪ್ರವಾಹ ಹೈದರಾಬಾದನ್ನು ಹಾಳುಗೆಡವಿದಾಗ ನಿಜಾಮರ ಸರ್ಕಾರ ಸಲಹೆಗೆಂದು ಕರೆಸಿಕೊಂಡದ್ದೂ ಅವರನ್ನೇ. ಆ ವೇಳೆಗೆ ಅವರು ಮುಂಬಯಿ ಸರ್ಕಾರದ ನೌಕರಿಯಿಂದ ಬಿಡುಗಡೆ ಪಡೆದವರು. ಅವರ ಹೆಸರೇ ಅವರಿಗಿಂತ ಮೊದಲು ಹೈದರಾಬಾದನ್ನು ತಲುಪಿತ್ತು. ಅದೇ ವಿಶ್ವೇಶ್ವರಯ್ಯನವರು 1912ರಲ್ಲಿ ಮೈಸೂರಿನ ದಿವಾನರಾಗುವ ಮುನ್ನ ನೆಂಟರಿಷ್ಟರನ್ನೆಲ್ಲ ಊಟಕ್ಕೆ ಕರೆದು, ಶಿಫಾರಸು ಕೇಳಿಕೊಂಡು ಯಾರೂ ತಮ್ಮ ಬಾಗಿಲಿಗೆ ಬರಕೂಡದೆಂದು ಮಾತು ತೆಗೆದುಕೊಂಡರಂತೆ. ಈ ಕಥೆಯನ್ನು ನಮ್ಮಲ್ಲಿ ತಲೆಮಾರಿನಿಂದ ತಲೆಮಾರಿಗೆ ಹೇಳುತ್ತ ಬಂದಿದ್ದಾರೆ. ಕೇಳಿ ಬೆಳೆದವರಲ್ಲಿ ನಾನೂ ಒಬ್ಬ.

ಬೆಳೆದೆ, ನಿಜ, ಆದರೆ ಕಲಿಯಲಿಲ್ಲ. 1978ರಲ್ಲಿ ಎಂ.ಎ. ಮುಗಿಸಿದ ನಾನು ಒಂದು ಖಾಸಗಿ ಕಾಲೇಜಿನಲ್ಲಿ ಕನ್ನಡ ಅಧ್ಯಾಪಕನ ಹುದ್ದೆಗೆ ಸಂದರ್ಶನಕ್ಕೆ ಹೋದೆ. ಬಂದಿದ್ದವರು ನಾಲ್ವರು. ಹಜಾರದ ಬೆಂಚಿನ ಮೇಲೆ ನನ್ನ ಪಕ್ಕದಲ್ಲಿ ಕುಳಿತಿದ್ದ ಯುವಕ ಹಳಗನ್ನಡದಲ್ಲಿ ನನಗಿಂತ ಬಹಳ ಬಲ್ಲವನೆಂಬುದು ಐದು ನಿಮಿಷದ ಮಾತಿನಲ್ಲಿಯೇ ನನಗೆ ತಿಳಿಯಿತು. ನನ್ನ ಅಂಗಿಯ ಜೇಬಿನಲ್ಲಿ ಒಂದು ಲಕೋಟೆಯಿತ್ತು. ಸೋದರಮಾವನ ಗೆಳೆಯರು ಆಡಳಿತ ಮಂಡಳಿಯ ಹಿರಿಯರೊಬ್ಬರಿಗೆ ಬರೆದು ಕೊಟ್ಟದ್ದು. ಒಳಗೆ ನನ್ನನ್ನು ಕೇಳಿದ ಪ್ರಶ್ನೆಗಳು ಎರಡೇ. ಅವುಗಳಲ್ಲೊಂದು ಸೋದರಮಾವನ ಆರೋಗ್ಯದ ವಿಷಯ. ಕೆಲಸ ನನಗಾಯಿತು. ಆ ಯುವಕ ಬಸ್ ನಿಲ್ದಾಣದವರೆಗೆ ನನ್ನ ಜೊತೆಯಲ್ಲಿಯೇ ನಡೆದು ಬಂದು, “ಒಳ್ಳೇದಾಗಲಿ ಸಾರ್” ಎಂದು ಹೇಳಿ ತನ್ನ ಊರಿನ ಬಸ್ಸು ಹತ್ತಿದ. ಮೂವತ್ತಕ್ಕೂ ಹೆಚ್ಚು ವರ್ಷ ಆ ಸಂಬಳದಲ್ಲಿ ಬದುಕಿದೆ, ಮನೆ ಕಟ್ಟಿದೆ. ಅವನ ಹೆಸರು ಮಾತ್ರ ನನಗೆ ನೆನಪಿಲ್ಲ. ಪರಿಚಯದ ಮಾತು ಬಂದಾಗಲೆಲ್ಲ ನಾನು ಮುಖ ಗಂಟಿಕ್ಕುತ್ತಿದ್ದುದರ ಕಾರಣ ಇದು. ಸ್ವಂತ ಗಾಯವನ್ನು ನಾನು ಸಿದ್ಧಾಂತವೆಂದು ತಿಳಿದಿದ್ದೆ.

ಹುಡುಗಿಯ ಬಳಿ ಅಂಥ ಲಕೋಟೆ ಇರಲಿಲ್ಲ. ಇದ್ದವರ ಬಳಿ ಅದು ಎಷ್ಟು ಕಾಲದಿಂದ ಇದೆ ಎಂಬುದನ್ನೂ ನೆನೆಯಬೇಕು. ಹಿಂದೆ ಬಡ ವಿದ್ಯಾರ್ಥಿಗಳು ವಾರಾನ್ನ ಉಂಡು ಓದುತ್ತಿದ್ದರು: ಸೋಮವಾರ ವಕೀಲರ ಮನೆ, ಮಂಗಳವಾರ ಶಿರಸ್ತೇದಾರರ ಮನೆ, ಹೀಗೆ ಏಳು ದಿನಕ್ಕೆ ಏಳು ಮನೆ. ಊಟದ ಜೊತೆಗೆ ಆ ಹುಡುಗರಿಗೆ ಸಿಗುತ್ತಿದ್ದುದು ಏಳು ಮನೆಗಳ ಪರಿಚಯ. ಯಾವ ಕಚೇರಿಯಲ್ಲಿ ಗುಮಾಸ್ತೆಯ ಜಾಗ ತೆರವಾಗಿದೆ, ಯಾವ ಸಾಹೇಬರಿಗೆ ಯಾರ ಮಾತು ನಡೆಯುತ್ತದೆ ಎಂಬುದೆಲ್ಲ ಎಲೆಯ ಮುಂದೆಯೇ ಕಿವಿಗೆ ಬೀಳುತ್ತಿತ್ತು. ಆ ಗೃಹಸ್ಥರ ಔದಾರ್ಯವನ್ನು ನಾನು ಕಡೆಗಣಿಸುವುದಿಲ್ಲ. ಆದರೆ ಆ ಏಳು ಬಾಗಿಲುಗಳು ಎಲ್ಲ ಜಾತಿಯ ಹುಡುಗರಿಗೂ ತೆರೆದಿರಲಿಲ್ಲ. ಹುಡುಗಿಯರಿಗಂತೂ ಇಲ್ಲವೇ ಇಲ್ಲ. ಲೇತ್ ಯಂತ್ರದ ಕೆಲಸಗಾರನ ಮಗಳು ಲಂಡನ್ನಿನ ಅಪರಿಚಿತೆಗೆ ಕಾಗದ ಬರೆಯುವುದನ್ನು ನಾನು ವಶೀಲಿ ಎಂದದ್ದು ಎಷ್ಟು ಅನ್ಯಾಯದ ಮಾತೆಂಬುದು ಇದನ್ನು ಯೋಚಿಸಿದ ಮೇಲೆ ನನಗೆ ಹೊಳೆಯಿತು. ವಶೀಲಿ ಇಲ್ಲದವಳು ಅವಳು. ಆದ್ದರಿಂದಲೇ ಅವಳಿಗೆ ಕಾಗದ ಬೇಕಾಗಿತ್ತು.

ಈ ವಿಷಯದಲ್ಲಿ ಶಾಸ್ತ್ರವೂ ಇದೆ. ಮಾರ್ಕ್ ಗ್ರಾನೊವೆಟರ್ ಎಂಬ ಅಮೆರಿಕದ ಸಮಾಜಶಾಸ್ತ್ರಜ್ಞ 1973ರಲ್ಲಿ ಒಂದು ಪ್ರಬಂಧ ಪ್ರಕಟಿಸಿದ. ಪರಿಚಯದವರ ಮೂಲಕ ಹೊಸ ಕೆಲಸ ಸಿಕ್ಕವರನ್ನು ಹುಡುಕಿ, ‘ಸುದ್ದಿ ಕೊಟ್ಟವರನ್ನು ಆಗ ನೀವು ಎಷ್ಟು ಬಾರಿ ಕಾಣುತ್ತಿದ್ದಿರಿ?’ ಎಂದು ಕೇಳಿದ. ಪದೇ ಪದೇ ಕಾಣುತ್ತಿದ್ದೆವು ಎಂದವರು ನೂರಕ್ಕೆ ಹದಿನೇಳು ಮಂದಿ. ಯಾವಾಗಲಾದರೊಮ್ಮೆ ಎಂದವರು ಐವತ್ತಾರು. ಅಪರೂಪಕ್ಕೆ ಎಂದವರು ಇಪ್ಪತ್ತೆಂಟು. ಆಪ್ತರಿಗಿಂತ ಅಲ್ಪ ಪರಿಚಯದವರೇ ಹೆಚ್ಚು ಉಪಯೋಗಕ್ಕೆ ಬಂದಿದ್ದರು. ಕಾರಣ ಸರಳವಾದದ್ದು: ನಮ್ಮ ಆಪ್ತರಿಗೆ ತಿಳಿದದ್ದು ನಮಗೂ ತಿಳಿದೇ ಇರುತ್ತದೆ, ಹೊಸ ಸುದ್ದಿ ಬರುವುದು ದೂರದವರಿಂದ. ಸುಮಾರು 2 ಕೋಟಿ ಜನರ ‘ಲಿಂಕ್ಡ್‌ಇನ್’ ಸಂಪರ್ಕಗಳನ್ನು ಪರೀಕ್ಷಿಸಿ 2022ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನವೂ ಈ ಮಾತನ್ನು ಬಹುಮಟ್ಟಿಗೆ ಎತ್ತಿಹಿಡಿಯಿತು; ತೀರ ಅಪರಿಚಿತರಿಗಿಂತ, ನಡುವೆ ಒಬ್ಬಿಬ್ಬರಾದರೂ ಸಮಾನ ಪರಿಚಯದವರು ಇರುವಂಥ ನಂಟು ಮೇಲು ಎಂಬ ತಿದ್ದುಪಡಿ ಅದರದು.

ಇದನ್ನು ಓದಿದಾಗ ನನಗೆ ನೆನಪಾದವನು ಕಿಷ್ಕಿಂಧಾಕಾಂಡದ ಸಂಪಾತಿ. ಸೀತೆಯನ್ನು ಹುಡುಕುತ್ತ ದಕ್ಷಿಣಕ್ಕೆ ಬಂದ ಕಪಿಗಳು ಕಡಲ ತಡಿಯಲ್ಲಿ ದಿಕ್ಕುಗೆಟ್ಟು ಕುಳಿತಿದ್ದಾರೆ. ಕೊಟ್ಟ ಅವಧಿ ಮುಗಿದಿದೆ. ಅಂಗದನಿದ್ದಾನೆ, ಜಾಂಬವನಿದ್ದಾನೆ, ಹನುಮಂತನಿದ್ದಾನೆ. ಎಲ್ಲರೂ ಆಪ್ತರು, ಎಲ್ಲರೂ ಸಮರ್ಥರು. ಆದರೆ ಒಬ್ಬನಿಗೆ ತಿಳಿಯದ್ದು ಉಳಿದವರಿಗೂ ತಿಳಿಯದು. ಸಾಯುವುದೇ ಸರಿ ಎಂದು ಮಲಗಿದ ಹೊತ್ತಿನಲ್ಲಿ ಅವರ ಬಾಯಿಂದ ಜಟಾಯುವಿನ ಹೆಸರು ಬೀಳುತ್ತದೆ. ಅದನ್ನು ಕೇಳಿಸಿಕೊಂಡದ್ದು ಬೆಟ್ಟದ ಮೇಲಿದ್ದ ಮುದಿ ಹದ್ದು, ಜಟಾಯುವಿನ ಅಣ್ಣ. ರೆಕ್ಕೆ ಸುಟ್ಟುಹೋಗಿ ಹಾರಲಾರದ ಸಂಪಾತಿಗೆ ಕಪಿಗಳೊಡನೆ ಯಾವ ನಂಟೂ ಇರಲಿಲ್ಲ. ಮೊದಲಿಗೆ ಅವನಿಗೆ ಅವರು ಕಂಡದ್ದು ಆಹಾರವಾಗಿ! ಆದರೂ ಲಂಕೆ ಎಲ್ಲಿದೆ ಎಂದು ನೋಡಿ ಹೇಳಿದವನು ಅವನೇ. ಸಂಪಾತಿ ಯಾರನ್ನೂ ಹೊತ್ತುಕೊಂಡು ಕಡಲು ದಾಟಿಸಲಿಲ್ಲ ಎಂಬುದನ್ನು ಮಾತ್ರ ಮರೆಯಬಾರದು. ಅವನು ಕೊಟ್ಟದ್ದು ದಿಕ್ಕು; ಹಾರಿದವನು ಹನುಮಂತ.

ಆ ವರ್ಷ ನಮ್ಮ ಹುಡುಗಿ ಐವತ್ತಕ್ಕೆ ಹತ್ತಿರ ಕಾಗದ ಬರೆದಳು. ಅವುಗಳ ಚರಿತ್ರೆಯನ್ನು ಒಂದು ನೋಟ್ ಪುಸ್ತಕದಲ್ಲಿ ಗೆರೆ ಎಳೆದು ಬರೆದಿಟ್ಟಿದ್ದಳು: ಯಾರಿಗೆ, ಎಂದು, ಉತ್ತರ ಬಂತೇ, ಏನು ಕಲಿತೆ. ಹೆಚ್ಚಿನ ಸಾಲುಗಳ ಕೊನೆಯ ಮನೆ ಖಾಲಿ. ಮೊದಮೊದಲ ಕಾಗದಗಳು ಉದ್ದವಾಗಿದ್ದವು, ಹೊಗಳಿಕೆಯೂ ಹೆಚ್ಚಾಗಿತ್ತು. ಅವಕ್ಕೆ ಉತ್ತರ ಬರಲಿಲ್ಲ. ಬರಬರುತ್ತ ಅವು ಚಿಕ್ಕವಾದವು: ತಾನು ಯಾರು, ಅವರಿಗೇ ಏಕೆ ಬರೆಯುತ್ತಿದ್ದೇನೆ, ಕೇಳಬೇಕಾದ ಒಂದೇ ಪ್ರಶ್ನೆ ಯಾವುದು, ಇಷ್ಟು ಮಾತ್ರ. ಒಂದು ವಾರ ಕಾದು ಒಂದೇ ಬಾರಿ ನೆನಪಿಸುವುದು, ಆಮೇಲೆ ಸುಮ್ಮನಿರುವುದು. ಮಾತನಾಡಿದವರಿಗೆ ಮರುದಿನದೊಳಗೆ ಕೃತಜ್ಞತೆ ತಿಳಿಸುವುದು. ಅವರು ಓದು ಎಂದದ್ದನ್ನು ನಿಜವಾಗಿಯೂ ಓದಿ, ತಿಂಗಳ ಮೇಲೆ ಎರಡು ಸಾಲು ಬರೆಯುವುದು. ಗಡಿಯಾರದ ಲೆಕ್ಕವೂ ಅವಳಿಗೆ ಕಂಠಪಾಠವಾಯಿತು. ದುಬೈ ನಮಗಿಂತ ಒಂದೂವರೆ ಗಂಟೆ ಹಿಂದೆ, ಸಿಂಗಪುರ ಎರಡೂವರೆ ಗಂಟೆ ಮುಂದೆ, ಲಂಡನ್ ಬೇಸಗೆಯಲ್ಲಿ ನಾಲ್ಕೂವರೆ, ಚಳಿಗಾಲದಲ್ಲಿ ಐದೂವರೆ ಗಂಟೆ ಹಿಂದೆ. ರಾತ್ರಿ ಹತ್ತಕ್ಕೆ ಕೆಳಗಿನ ಮನೆಯಲ್ಲಿ ತಗ್ಗಿದ ದನಿಯ ಇಂಗ್ಲಿಷ್ ಕೇಳಿಸಿದರೆ, ಲಂಡನ್ನಿನಲ್ಲಿ ಯಾರೋ ಸಂಜೆಯ ಕಾಫಿಗೆ ಎದ್ದಿದ್ದಾರೆಂದು ನಾನು ತಿಳಿದುಕೊಳ್ಳುತ್ತಿದ್ದೆ.

ಅಮೆರಿಕದಲ್ಲಿದ್ದ ದೂರದ ಬಂಧುವೊಬ್ಬರು, “ಇದೆಲ್ಲ ನಮ್ಮಂಥವರಿಗಲ್ಲಮ್ಮ, ಅಲ್ಲೇ ಏನಾದರೂ ನೋಡಿಕೋ” ಎಂದು ಬುದ್ಧಿ ಹೇಳಿ ಮುಗಿಸಿದರು. ಹೆಸರೂ ಸರಿಯಾಗಿ ಉಚ್ಚರಿಸಲು ಬಾರದ ಒಬ್ಬ ಐರಿಷ್ ಮನುಷ್ಯ ಮೂರು ಬಾರಿ ಮಾತನಾಡಿ ಅವಳ ಅರ್ಹತಾಪತ್ರವನ್ನು ಸಾಲು ಸಾಲಾಗಿ ತಿದ್ದಿಸಿದ. 1983ರಲ್ಲಿ ಹುಟ್ಟಿದ ಬ್ರಿಟನ್ನಿನ ಕನ್ನಡ ಬಳಗ, 1996ರಲ್ಲಿ ಹುಟ್ಟಿದ ಸಿಂಗಪುರದ ಕನ್ನಡ ಸಂಘ, ಇಂಥವು ಹೊರನಾಡಿನಲ್ಲಿ ಯುಗಾದಿ, ರಾಜ್ಯೋತ್ಸವ ನಡೆಸುವ ಕೂಟಗಳೆಂದಷ್ಟೇ ನಾನು ತಿಳಿದಿದ್ದೆ. ಹೋಳಿಗೆಯ ಪಂಕ್ತಿಯಲ್ಲಿ ಅಲ್ಪ ಪರಿಚಯವೂ ಬಡಿಸಲ್ಪಡುತ್ತದೆ ಎಂಬುದನ್ನು ಅವಳು ನನಗೆ ತೋರಿಸಿಕೊಟ್ಟಳು.

ಈ ಪರಿಚಯಗಳಿಂದ ಸಿಗುವುದಾದರೂ ಏನು? ಹೆಚ್ಚೆಂದರೆ ಒಳಗಿನವರೊಬ್ಬರು ‘ಈ ಅರ್ಜಿಯನ್ನು ಒಮ್ಮೆ ಓದಿ’ ಎಂದು ಹೇಳಬಹುದು. ಸಾವಿರಾರು ಅರ್ಜಿಗಳ ರಾಶಿಯಲ್ಲಿ ಓದಿಸಿಕೊಳ್ಳುವುದೂ ದೊಡ್ಡದೇ. ಅಲ್ಲಿಂದ ಮುಂದೆ ಪರಿಚಯದ ಕೈ ಉದ್ದವಿಲ್ಲ. ಈ ಸಂಸ್ಥೆಗಳು ಸಂದರ್ಶನದಲ್ಲಿ ಒಂದು ಸಮಸ್ಯೆಯನ್ನು ಮುಂದಿಟ್ಟು, ಅಲ್ಲಿಯೇ ಬಿಡಿಸು ಎನ್ನುತ್ತವೆ. ಅದರ ಅಭ್ಯಾಸವನ್ನು ಅವಳು ನನ್ನ ಮೇಲೆಯೇ ಮಾಡಿದಳು. ‘ನಮ್ಮ ಮೆಟ್ರೋ ನಿಲ್ದಾಣದ ಮುಂದಿನ ಎಳನೀರಿನವನು ದಿನಕ್ಕೆ ಎಷ್ಟು ಕಾಯಿ ಮಾರುತ್ತಾನೆ?’ ಎಂದು ಕೇಳಿಕೊಂಡು, ರೈಲಿಳಿಯುವವರು ಇಷ್ಟು, ಅವರಲ್ಲಿ ನಿಲ್ಲುವವರು ಇಷ್ಟು, ಮಳೆಯ ದಿನ ಇಷ್ಟು ಕಡಿಮೆ ಎಂದು ಕಾಗದದ ಮೇಲೆ ಲೆಕ್ಕ ಕಟ್ಟಿದಳು. ಮರುದಿನ ಹೋಗಿ ಅವನನ್ನೇ ಕೇಳಿದಳು. ಅವಳ ಲೆಕ್ಕ ದುಪ್ಪಟ್ಟಾಗಿತ್ತು. “ರೈಲಿಳಿದೋರು ಮನೆಗೆ ಓಡ್ತಾರಮ್ಮ, ನನ್ನ ಗಿರಾಕಿ ಆಟೋದೋರು” ಎಂದನಂತೆ ಅವನು. ಅಂದು ಸಂಜೆ ಅವಳು ನನಗೆ ಹೇಳಿದ್ದು: “ತಾತ, ಎಲ್ಲಾರ್ಗಿಂತ ಒಳ್ಳೆ ಪಾಠ ಇವತ್ತು ಆಯ್ತು.”

ಪರಿಚಯಕ್ಕೆ ಮಣಿಯದ ಇನ್ನೊಂದು ಗೋಡೆ ದೇಶದ ಗಡಿ. ಅಮೆರಿಕದ ಎಚ್-1ಬಿ ಪರವಾನಗಿಗೆ ವರ್ಷಕ್ಕೆ 85,000ದ ಮಿತಿ. ಅದನ್ನು ಬಹು ಕಾಲ ಚೀಟಿ ಎತ್ತಿ ಹಂಚುತ್ತಿದ್ದರು. 2025ರ ಸೆಪ್ಟೆಂಬರಿನಲ್ಲಿ ಹೊರಗಿನಿಂದ ಬರುವವರ ಹೊಸ ಅರ್ಜಿಗಳ ಮೇಲೆ 1 ಲಕ್ಷ ಡಾಲರ್ ಶುಲ್ಕದ ಆಜ್ಞೆಯೂ ಹೊರಟಿತು. ಜರ್ಮನಿಯ ಕಚೇರಿಗೆ ಸಾಮಾನ್ಯವಾಗಿ ಜರ್ಮನ್ ಬೇಕು, ಪ್ಯಾರಿಸ್ಸಿಗೆ ಫ್ರೆಂಚ್ ಬೇಕು. ಆದ್ದರಿಂದಲೇ ತಿಳಿದವರು ಅವಳಿಗೆ ಹೇಳಿದ್ದು: ಭಾರತದ ಕಚೇರಿಯನ್ನೇ ಮೊದಲು ಸೇರು, ಎರಡು ಮೂರು ವರ್ಷ ಕೆಲಸದಲ್ಲಿ ಹೆಸರು ಮಾಡು, ಆಮೇಲೆ ಹೊರಗಿನ ಕಚೇರಿಗೆ ವರ್ಗ ಕೇಳು. ಕಡಲು ದಾಟುವುದಕ್ಕೆ ಇದು ಸುತ್ತಿನ ದಾರಿ. ಆದರೆ ಹೆಚ್ಚು ಜನ ದಾಟುವ ದಾರಿ.

ಲಂಡನ್ನಿನ ಸಂದರ್ಶನ ಕೊನೆಯ ಸುತ್ತಿನವರೆಗೆ ಬಂದು ಕೈತಪ್ಪಿತು. ಅಂದು ರಾತ್ರಿ ಕೆಳಗಿನ ಮನೆಯ ದೀಪ ಬಹಳ ಹೊತ್ತು ಉರಿಯುತ್ತಿತ್ತು. ಮರುದಿನ ಅವಳ ತಂದೆ ಮೇಲೆ ಬಂದು, “ಮೇಷ್ಟ್ರೇ, ನಮಗೆ ಯಾರಾದರೂ ದೊಡ್ಡೋರು ಗೊತ್ತಿದ್ದಿದ್ರೆ ಆಗ್ತಿತ್ತೇನೋ” ಎಂದರು. ನನ್ನ ಬಳಿ ಉತ್ತರವಿರಲಿಲ್ಲ. ಲಕೋಟೆ ಇದ್ದವನು ಲಕೋಟೆ ಇಲ್ಲದವರಿಗೆ ಏನೆಂದು ಸಮಾಧಾನ ಹೇಳಬೇಕು? 1978ರ ಕಥೆಯನ್ನು ಅವರಿಗೆ ಹೇಳಿದೆ. ಹೆಂಡತಿ ಮಕ್ಕಳಿಗೂ ಅದುವರೆಗೆ ಹೇಳಿರಲಿಲ್ಲ. ಅವರು ಬಹಳ ಹೊತ್ತು ಸುಮ್ಮನಿದ್ದು, “ಹಂಗಾದ್ರೆ ಆ ಹುಡುಗನ ಪಾಲು ನನ್ ಮಗಳಿಗೆ ಓದಿಸಿ ತೀರಿಸಿದ್ರಿ ಬಿಡಿ” ಎಂದರು. ಅಷ್ಟು ಸುಲಭವಾಗಿ ತೀರುವ ಸಾಲ ಅದಲ್ಲವೆಂದು ನನಗೆ ಗೊತ್ತು. ಆದರೂ ಆ ಮಾತು ಕೇಳಿ ಎದೆ ಹಗುರವಾಯಿತು.

2024ರಲ್ಲಿ ಅವಳು ಭಾರತದಲ್ಲಿಯೇ ಒಂದು ಸಲಹಾ ಸಂಸ್ಥೆಯನ್ನು ಸೇರಿದಳು. ಅಲ್ಲಿ ಅವಳ ಅರ್ಜಿಯನ್ನು ಓದಿಸಿದ್ದು ಆ ಐರಿಷ್ ಮನುಷ್ಯನ ಹಳೆಯ ಸಹೋದ್ಯೋಗಿ. ಅವನನ್ನು ಅವಳು ಇಂದಿಗೂ ಮುಖತಃ ನೋಡಿಲ್ಲ. ನಾಲ್ಕು ಸುತ್ತಿನ ಸಂದರ್ಶನವನ್ನು ಅವಳೇ ಗೆದ್ದಳು.

ಹಾಗಾದರೆ ಗೆರೆ ಎಲ್ಲಿದೆ? ನನಗೆ ಈಗ ಹೊಳೆದಿರುವುದು ಇಷ್ಟು. ಬಾಗಿಲು ಎಲ್ಲಿದೆ ಎಂದು ತೋರಿಸಿ ಪರೀಕ್ಷೆಯನ್ನು ನಮಗೇ ಬಿಡುವುದು ಪರಿಚಯ. ಪರೀಕ್ಷೆಯನ್ನೇ ತಪ್ಪಿಸುವುದು ವಶೀಲಿ. ಪರಿಚಯವನ್ನು ಎಲ್ಲರ ಮುಂದೆ ಹೇಳಿಕೊಳ್ಳಬಹುದು. ವಶೀಲಿಯನ್ನು ಜೇಬಿನಲ್ಲಿ ಬಚ್ಚಿಡಬೇಕು. ಈ ಗೆರೆ ದೊಡ್ಡವರಿಗೂ ಜಾರುತ್ತದೆ. ಭಾರತದಲ್ಲಿ ಹುಟ್ಟಿ, 1994ರಲ್ಲಿ ಮೆಕಿನ್ಸಿಯ ಮುಖ್ಯಸ್ಥನ ಸ್ಥಾನಕ್ಕೇರಿದ ರಜತ್ ಗುಪ್ತ, ಒಂದು ಆಡಳಿತ ಮಂಡಳಿಯ ಗುಟ್ಟನ್ನು ಪರಿಚಯದವನ ಕಿವಿಗೆ ಹಾಕಿದ ಅಪರಾಧಕ್ಕೆ 2012ರಲ್ಲಿ ನ್ಯೂಯಾರ್ಕಿನ ನ್ಯಾಯಾಲಯದಲ್ಲಿ ದೋಷಿಯಾಗಿ ನಿಂತದ್ದನ್ನು ಜಗತ್ತು ಕಂಡಿದೆ. ಏಣಿಯಾಗಬೇಕಾದ ಪರಿಚಯವೇ ಅಲ್ಲಿ ಜಾರುಗಲ್ಲಾಯಿತು.

ಮೊನ್ನೆ ಭಾನುವಾರ ಅವಳು ಊರಿಗೆ ಬಂದಿದ್ದಳು. ರಾತ್ರಿ ಹತ್ತಕ್ಕೆ ಕೆಳಗಿನಿಂದ ಮತ್ತೆ ತಗ್ಗಿದ ದನಿ ಕೇಳಿಸಿತು. ಈ ಬಾರಿ ಕನ್ನಡ. ಬಂಗಾರಪೇಟೆಯ ಕಡೆಯ ಯಾರೋ ವಿದ್ಯಾರ್ಥಿನಿ. ಕಂಡು ಕೇಳಿಲ್ಲದವಳು, ಕಾಗದ ಬರೆದಿದ್ದಳಂತೆ. “ಉದ್ದ ಬರೀಬೇಡಮ್ಮ, ಒಂದೇ ಪ್ರಶ್ನೆ ಕೇಳು” ಎಂದು ಇವಳು ಹೇಳುತ್ತಿದ್ದಳು.

ಸಂಪಾತಿಯ ಕಥೆಯ ಕೊನೆಯ ಭಾಗವನ್ನು ನಾವು ಸಾಮಾನ್ಯವಾಗಿ ಮರೆಯುತ್ತೇವೆ. ಕಪಿಗಳಿಗೆ ಲಂಕೆಯ ದಿಕ್ಕನ್ನು ಹೇಳಿ ಮುಗಿಸುತ್ತಿದ್ದಂತೆ, ಎಂದೋ ಸುಟ್ಟುಹೋಗಿದ್ದ ಅವನ ರೆಕ್ಕೆಗಳು ಮತ್ತೆ ಚಿಗುರಿದವು ಎನ್ನುತ್ತಾನೆ ವಾಲ್ಮೀಕಿ.